ಶೆಲ್ಲು ಬಿಸಲಿಗಿಟ್ಟ ಕಾಲದಿಂದ ಮೊಬೈಲ್ ಬ್ಯಾಟರಿ ತನಕ

ಹೋದ ಸಲ ಉಪ್ಪಿನಕಾಯಿ ಬುರುಸು ಹಿಡಿಯೂದರ ಬಗ್ಗೆ ಬರದಿದ್ದೆ. ಈ ಸಲ ಅಡಗಿ ಮನಿ ಬಿಟ್ಟು ಹೊರಗ ಬಂದೇನಿ. ಇದನ್ನ ಓದಾಕ ನಿಮ್ಮ ಕೈಯಾಗ ಹಿಡದೀರಲ್ಲ, ಆ ಮೊಬೈಲಿನ ಬ್ಯಾಟರಿ ಬಗ್ಗೆ ಬರಿಯಾಕತ್ತೇನಿ. "ಇದೇನ ನಮಗ ಸಂಬಂಧ" ಅಂತ ಮುಚ್ಚಿ ಇಡಬ್ಯಾಡ್ರಿ. ಸಂಬಂಧ ಐತಿ.

ಈ ಬ್ಯಾಸಗಿ ಸುರುವಿನಾಗ ನಮ್ಮ ಅವ್ವ ಹಿತ್ತಲದಾಗ ಜಾರಿ ಬಿದ್ಲು. ಗದಗ ಹತ್ರ ನಮ್ಮ ಊರಾಗ ಒಬ್ಬಾಕಿನ ಇರತಾಳ, ನಿಮಗೆಲ್ಲಾ ಗೊತ್ತೈತಿ. ಬಲಗೈ ಮಣಿಕಟ್ಟು ಮುರೀತು. ಹೆಂಗೋ ಕುಂತಕೋತ, ಜರಗಕೋತ ಪಡಸಾಲಿಗೆ ಬಂದು ಎಡಗೈಲೆ ಫೋನ್ ತಗೊಂಡ್ರ, ಫೋನ್ ಸತ್ತಿತ್ತು. ನಾನು ಹುಬ್ಬಳ್ಳಿಯಿಂದ ಮೂರು ಸಲ ಹಚ್ಚಿದ್ದೆ. "ಸ್ವಿಚ್ ಆಫ್" ಅಂತ ಬಂತು. ಮಲಗಿರಬೇಕು ಅಂತ ಸುಮ್ಮನಾದೆ. ಸಂಜೀಮುಂದ ಹಾಲು ಕೊಡಾಕ ಬಂದ ಮಗ್ಗಲ ಮನಿ ಹುಡುಗಿ ನೋಡೂತನಕ ಅವ್ವ ಹಂಗ ಕುಂತಿದ್ಲು.

ದವಾಖಾನ್ಯಾಗ ನಾನು ಸಿಟ್ಟೀಲೆ ಕೇಳಿದೆ: "ಕರೆಂಟ್ ಇತ್ತು, ಚಾರ್ಜರ್ ಇತ್ತು, ಯಾಕ ಚಾರ್ಜಿಗೆ ಹಾಕಲಿಲ್ಲ?" ಅವ್ವ ಸಣ್ಣ ದನಿಯಾಗ ಅಂದ್ಲು: "ಪೂರಾ ಖಾಲಿ ಆಗೂ ಮಟಾ ಹಾಕಬಾರದು, ಬ್ಯಾಟರಿ ಕೆಡತೈತಿ ಅಂತ ನೀನ ಹೇಳಿದ್ದೆಲ್ಲ. ಮುಂಜಾನಿಂದ ಖಾಲಿ ಆಗ್ಲಿ ಅಂತ ಕಾಯಾಕತ್ತಿದ್ದೆ."

ಖರೆ. ನಾನ ಹೇಳಿದ್ದೆ. ಹದಿನೆಂಟು ಇಪ್ಪತ್ತು ವರ್ಷದ ಹಿಂದ ಅವ್ವಗ ಮೊದಲನೇ ಮೊಬೈಲ್ ಕೊಡಿಸಿದಾಗ ಅಂಗಡಿಯಾಂವ ಹೇಳಿದ್ದ: ಮೊದಲ ಸಲ ಎಂಟು ತಾಸು ಚಾರ್ಜ್ ಮಾಡ್ರಿ, ಆಮ್ಯಾಲ ಪೂರಾ ಇಳದ ಮ್ಯಾಲನ ಹಾಕ್ರಿ. ನಾನು ಅದನ್ನ ಹಂಗ ಅವ್ವಗ ಒಪ್ಪಿಸಿದ್ದೆ. ಅವ್ವ ಮರೀಲಿಲ್ಲ. ಅಷ್ಟ ಅಲ್ಲ, ಆಕಿ ಫೋನ್ ಇಡೂ ಜಾಗಾನೂ ನೋಡಿದೆ. ಬಿಸಲು ಬೀಳೂ ಕಿಡಕಿ ಕಟ್ಟಿ ಮ್ಯಾಲ. "ಇಲ್ಲೆ ಯಾಕ?" ಅಂದ್ರ, "ಜರ ಬಿಸಲು ತಾಗಿದ್ರ ಶೆಲ್ಲಿಗೆ ಜೀವ ಬರತೈತಿ" ಅಂದ್ಲು.

ಇವು ಎರಡೂ ಮಾತು ಎಲ್ಲಿಂದ ಬಂದ್ವು ಅಂತ ನಾನು ಹುಡುಕಿಕೋತ ಹೋದೆ. ಹುಡುಕಿದಾಗ ಗೊತ್ತಾಗಿದ್ದು ಏನಂದ್ರ, ಎರಡೂ ಸುಳ್ಳಲ್ಲ. ಎರಡೂ ಒಂದು ಕಾಲದಾಗ ಖರೆ ಇದ್ವು. ಆದ್ರ ಬ್ಯಾರೆ ಬ್ಯಾಟರಿಗೆ. ನಮ್ಮ ಮನ್ಯಾಗ ಬ್ಯಾಟರಿ ಬದಲಾದ್ವು, ಮಾತು ಹಂಗ ಉಳದ್ವು.

ಅಜ್ಜನ ರೇಡಿಯೋ ಶೆಲ್ಲು

ಬ್ಯಾಟರಿ ಅನ್ನೂದರ ಮೂಲ ಇಟಲಿ ದೇಶದ್ದು. 1800ರಾಗ ಅಲೆಸ್ಸಾಂಡ್ರೋ ವೋಲ್ಟಾ ಅನ್ನೂ ವಿಜ್ಞಾನಿ ಬ್ಯಾರೆ ಬ್ಯಾರೆ ಎರಡು ಧಾತುವಿನ ಬಿಲ್ಲೆ ಒಂದರ ಮ್ಯಾಲ ಒಂದು ಇಟ್ಟು, ನಡುವ ಉಪ್ಪುನೀರಾಗ ತೊಯ್ಸಿದ ಅರಿವಿ ಇಟ್ಟು, ಕರೆಂಟ್ ಹರಿಯೂ ಹಂಗ ಮಾಡಿದ. ನಾವು ವೋಲ್ಟು, ವೋಲ್ಟೇಜು ಅಂತೀವಲ್ಲ, ಅದು ಅವನ ಹೆಸರು.

1866ರಾಗ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಸತು ಮತ್ತ ಮ್ಯಾಂಗನೀಸ್ ಬಳಸಿ ಇನ್ನೊಂದು ಥರದ ಬ್ಯಾಟರಿ ಮಾಡಿದ. ಅದರಾಗ ನೀರಿನಂಥಾ ದ್ರವ ಇತ್ತು, ಡೊಗ್ಗಿಸಿದ್ರ ಚೆಲ್ಲೂದು. ಇಪ್ಪತ್ತು ವರ್ಷದ ಮ್ಯಾಲ ಜರ್ಮನಿಯ ಕಾರ್ಲ್ ಗಾಸ್ನರ್ ಆ ದ್ರವಾನ ಲೇಪದ ಹಂಗ ಗಟ್ಟಿ ಮಾಡಿ, ಸತುವಿನ ಡಬ್ಬಿಯೊಳಗ ತುಂಬಿದ. ಅದು ಒಣ ಶೆಲ್ಲು. ನಮ್ಮ ಅಜ್ಜನ ರೇಡಿಯೋದಾಗ, ಹೊಲಕ್ಕ ನೀರು ಹಾಯಿಸಾಕ ರಾತ್ರಿ ಹೋಗೂ ಮುಂದ ಒಯ್ಯತಿದ್ದ ಮೂರು ಶೆಲ್ಲಿನ ಟಾರ್ಚಿನಾಗ ಇದ್ದದ್ದು ಅದರ ವಂಶದ್ದು.

ಧಾರವಾಡ ಆಕಾಶವಾಣಿ ದನಿ ಸಣ್ಣಗಾತು ಅಂದ್ರ ಅಜ್ಜ ಶೆಲ್ಲು ತಗದು ಮಾಳಗಿ ಮ್ಯಾಲ ಬಿಸಲಿಗೆ ಇಡತಿದ್ದ, ಸಂಡಗಿ ಮಗ್ಗಲ. ನಾವು ಹುಡುಗರು ಕಾಗಿ ಕಾದಂಗ ಅವನ್ನೂ ಕಾಯತಿದ್ವಿ. ಸಂಜೀಮುಂದ ಹಾಕಿದ್ರ ಮತ್ತ ಜರ ಹೊತ್ತು ಮಾತಾಡೂದು. ಅದು ಮೂಢನಂಬಿಕಿ ಅಲ್ರಿ. ಆ ಶೆಲ್ಲಿನೊಳಗಿನ ಲೇಪ ಬಿಸಿ ಆದ್ರ ಒಳಗಿನ ಕ್ರಿಯೆ ಜೋರಾಗತೈತಿ, ವಿಶ್ರಾಂತಿ ಸಿಕ್ಕದ್ದಕ್ಕೂ ಜರ ಚೇತರಿಸಿಕೋತೈತಿ. ಹೆಂಗಿದ್ರೂ ಸಾಯೂ ಶೆಲ್ಲು, ಕಡೀ ಹನಿ ಹಿಂಡಿಕೊಂಡ್ರ ಏನೂ ನಷ್ಟ ಇದ್ದಿಲ್ಲ. ಅವ್ವ ತನ್ನ ಅಪ್ಪನಿಂದ ಕಲತದ್ದು ಇದು. ಕಿಡಕಿ ಕಟ್ಟಿ ಮ್ಯಾಲ ಫೋನ್ ಇಟ್ಟದ್ದು ಇದಕ್ಕ.

ಮೂಲ್ಯಾಗಿನ ಇನ್ವರ್ಟರ್

ಎರಡನೇದ್ದು ಸೀಸ ಮತ್ತ ಆಮ್ಲದ ಬ್ಯಾಟರಿ. 1859ರಾಗ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು. ಖಾಲಿ ಆದ್ರ ಮತ್ತ ತುಂಬಬಹುದು ಅನ್ನೂ ಬ್ಯಾಟರಿ ಜಗತ್ತಿನ್ಯಾಗ ಅದು ಮೊದಲನೇದ್ದು. ಟ್ರ್ಯಾಕ್ಟರ್, ಕಾರು, ಬಸ್ಸು, ಮನಿ ಮೂಲ್ಯಾಗಿನ ಇನ್ವರ್ಟರ್, ಎಲ್ಲಾದರಾಗೂ ಇವತ್ತಿಗೂ ಅದು ಐತಿ. ಇದರ ಗುಣ ಹೆಂಗಂದ್ರ, ಯಾವಾಗಲೂ ಹೊಟ್ಟಿ ತುಂಬಿರಬೇಕು. ಖಾಲಿ ಬಿಟ್ರ ಸೀಸದ ಹಲಗಿ ಮ್ಯಾಲ ಬಿಳೀ ಹರಳು ಗಟ್ಟಿಯಾಗಿ ಕುಂದರತಾವ, ಆಮ್ಯಾಲ ತುಂಬಿದ್ರೂ ಹಿಡಿಯಂಗಿಲ್ಲ. ಅದಕ್ಕ ಇನ್ವರ್ಟರ್ ದಿನಾ ಇಡೀ ಕರೆಂಟಿಗೆ ಹಚ್ಚಿದ್ದ ಇರತೈತಿ, ನಾವು ಡಿಸ್ಟಿಲ್ಡ್ ವಾಟರ್ ಹಾಕ್ತೀವಿ.

ನಮ್ಮ ಮನಿಯವರು ಮೊಬೈಲ್‌ನ ರಾತ್ರಿ ಹಗಲು ಚಾರ್ಜಿಗೆ ಹಚ್ಚಿ, 100 ಇಲ್ಲದಿದ್ರ ಮನಸ್ಸಿಗೆ ಸಮಾಧಾನ ಇಲ್ಲದವರು. ಆ ಚಟದ ಬೇರು ಈ ಇನ್ವರ್ಟರ್‌ದಾಗ ಐತಿ ಅಂತ ನನಗ ಅನಸತೈತಿ. ಸೀಸದ ಬ್ಯಾಟರಿಗೆ ಅದು ಪಥ್ಯ. ಮೊಬೈಲಿಗೆ ಅಲ್ಲ.

ಕಾರ್ಡ್‌ಲೆಸ್ ಫೋನಿನ ಮರೆಯದ ಬ್ಯಾಟರಿ

ಮೂರನೇದ್ದು ನನ್ನ ತಪ್ಪಿನ ಮೂಲ. 1899ರಾಗ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್ ಮತ್ತ ಕ್ಯಾಡ್ಮಿಯಂ ಸೇರಿಸಿ ಬ್ಯಾಟರಿ ಮಾಡಿದ. ನೂರು ವರ್ಷ ಅದು ಮೆರೀತು. ಕಾರ್ಡ್‌ಲೆಸ್ ಫೋನು, ವಿಡಿಯೋ ಕ್ಯಾಮೆರಾ, ಮೊದಮೊದಲಿನ ಮೊಬೈಲು, ಎಲ್ಲಾದರಾಗೂ ಅದ ಇತ್ತು. 1983ರಾಗ ಅಮೆರಿಕದಾಗ ಮೋಟೊರೋಲಾ ಕಂಪನಿಯ ಮೊದಲ ಕೈಫೋನ್ ಮಾರಾಟಕ್ಕ ಬಂದಾಗ ಸುಮಾರು ಹತ್ತು ತಾಸು ಚಾರ್ಜ್ ಮಾಡಿದ್ರ ಅರ್ಧ ತಾಸು ಮಾತಾಡಬಹುದಿತ್ತು. ನಮ್ಮಲ್ಲಿ ಆಗ ಟ್ರಂಕ್ ಕಾಲಿಗೆ ಕಾಯೂ ಕಾಲ.

ಈ ಬ್ಯಾಟರಿಗೆ ಒಂದು ವಿಚಿತ್ರ ರೋಗ. ದಿನಾ ಅರ್ಧ ಖಾಲಿ ಮಾಡಿ ಮತ್ತ ತುಂಬಿದ್ರ, ತನ್ನ ಹೊಟ್ಟಿನ ಅಷ್ಟ ಅಂತ ತಿಳಕೊಂಡು ಬಿಡೂದು. ಉಳದ ಅರ್ಧ ಕೊಡತಿದ್ದಿಲ್ಲ. "ಮೆಮೊರಿ" ಅಂತ ಅದಕ್ಕ ಹೆಸರು. ಅದನ್ನ ಬಿಡಿಸಾಕ ಪೂರಾ ಖಾಲಿ ಮಾಡಿ ಪೂರಾ ತುಂಬಬೇಕಾಗಿತ್ತು. ಅಂಗಡಿಯಾಂವ ಹೇಳಿದ್ದು ಈ ಬ್ಯಾಟರಿಯ ಮಾತು. ಅಷ್ಟೊತ್ತಿಗೆ ಅಂಗಡ್ಯಾಗಿನ ಫೋನುಗಳೊಳಗ ಬ್ಯಾರೆ ಬ್ಯಾಟರಿ ಬಂದು ಕುಂತಿತ್ತು. ಅವನ ಬಾಯಾಗ ಮಾತ್ರ ಹಳೇದ ಇತ್ತು, ಅದನ್ನ ನಾನು ಅವ್ವನ ಕಿವಿಗೆ ಹಾಕಿದೆ.

ತೂಗುಮಂಚದ ಬ್ಯಾಟರಿ

ಈಗ ನಮ್ಮ ಕೈಯಾಗಿರೂದು ಲಿಥಿಯಂ ಅಯಾನ್ ಬ್ಯಾಟರಿ. ಲಿಥಿಯಂ ಅಂದ್ರ ಎಲ್ಲಾಕ್ಕಿಂತ ಹಗುರ ಲೋಹ, ನೀರಿನ ಮ್ಯಾಲ ತೇಲತೈತಿ. ಆದ್ರ ನೀರು ತಾಗಿದ್ರ ಸಿಟ್ಟಿಗೇಳತೈತಿ, ಅದಕ್ಕ ಎಣ್ಣಿಯೊಳಗ ಇಡ್ತಾರ. ಇಂಥಾ ಹಟಮಾರಿನ ಪಳಗಿಸಾಕ ಇಪ್ಪತ್ತು ವರ್ಷ ಬೇಕಾತು.

1970ರ ದಶಕದಾಗ ಜಗತ್ತಿಗೆ ಎಣ್ಣಿ ತುಟ್ಟಿ ಆತು. ಆವಾಗ ಅಮೆರಿಕದ ಎಕ್ಸಾನ್ ಅನ್ನೂ ಎಣ್ಣಿ ಕಂಪನಿಯೊಳಗ ಕುಂತು ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಲಿಥಿಯಂ ಬ್ಯಾಟರಿ ಮಾಡಿದ. ಅದು ಎರಡು ವೋಲ್ಟಿಗಿಂತ ಜರ ಹೆಚ್ಚು ಕೊಡೂದು. ಆದ್ರ ಚಾರ್ಜ್ ಮಾಡಿದಂಗ ಲಿಥಿಯಂ ಒಳಗ ಮುಳ್ಳಿನಂಗ ಬೆಳದು, ಆ ಕಡೆ ಮುಟ್ಟಿ, ಬೆಂಕಿ ಹತ್ತೂದು. ಬೆಂಕಿ ಆರಿಸಾಕ ಬಂದ ಅಗ್ನಿಶಾಮಕದವರಿಗೆ ಸಾಕಾಗಿ ಹೋಗಿತ್ತಂತ. 1980ರಾಗ ಇಂಗ್ಲೆಂಡಿನ ಆಕ್ಸ್‌ಫರ್ಡಿನಾಗ ಜಾನ್ ಗುಡ್‌ಇನಫ್ ಒಂದು ಕಡೆಗೆ ಕೋಬಾಲ್ಟ್ ಆಕ್ಸೈಡ್ ಹಾಕಿ ನಾಕು ವೋಲ್ಟು ತಗದ. 1985ರಾಗ ಜಪಾನಿನ ಅಕಿರಾ ಯೋಶಿನೋ ಇನ್ನೊಂದು ಕಡೆಗೆ ಅಪ್ಪಟ ಲಿಥಿಯಂ ಬಿಟ್ಟು ಇದ್ದಿಲಿನ ಜಾತಿ ವಸ್ತು ಹಾಕಿದ. ತನ್ನ ಬ್ಯಾಟರಿ ಮ್ಯಾಲ ದೊಡ್ಡ ಕಬ್ಬಿಣದ ತುಂಡು ಕೆಡವಿ ಪರೀಕ್ಷೆ ಮಾಡಿದ, ಬೆಂಕಿ ಹತ್ತಲಿಲ್ಲ. 1991ರಾಗ ಸೋನಿ ಕಂಪನಿ ಮಾರಾಟಕ್ಕ ತಂತು. ಈ ಮೂರೂ ಮಂದಿಗೆ 2019ರಾಗ ನೊಬೆಲ್ ಬಹುಮಾನ ಬಂತು. ಗುಡ್‌ಇನಫ್‌ಗೆ ಆವಾಗ 97 ವರ್ಷ. ಅಷ್ಟು ವಯಸ್ಸಿನಾಗ ನೊಬೆಲ್ ತಗೊಂಡವರು ಅವರಿಗಿಂತ ಮೊದಲು ಯಾರೂ ಇದ್ದಿಲ್ಲ.

ಇದು ಕೆಲಸಾ ಮಾಡೂ ರೀತಿ ಚಂದ ಐತಿ. ಒಂದು ಕಡೆ ಕೋಬಾಲ್ಟಿನ ಮನಿ, ಇನ್ನೊಂದು ಕಡೆ ಇದ್ದಿಲಿನ ಮನಿ. ಚಾರ್ಜ್ ಮಾಡಿದಾಗ ಲಿಥಿಯಂ ಕಣಗಳು ಇದ್ದಿಲಿನ ಮನಿಗೆ ಹೋಗಿ ಕುಂದರತಾವ. ಫೋನ್ ಬಳಸಿದಂಗ ಹೊಳ್ಳಿ ಕೋಬಾಲ್ಟಿನ ಮನಿಗೆ ಬರತಾವ. ಅತ್ತಾಗ ಇತ್ತಾಗ, ಅತ್ತಾಗ ಇತ್ತಾಗ. ವಿಜ್ಞಾನಿಗಳು ಇದಕ್ಕ ತೂಗುಕುರ್ಚಿ ಬ್ಯಾಟರಿ ಅಂದ್ರು. ನಮ್ಮ ಕಡೆ ಹುಟ್ಟಿದ್ರ ತೂಗುಮಂಚ ಅಂತಿದ್ವಿ. ತೂಗುಮಂಚ ನಡುವ ಸಣ್ಣಗ ತೂಗಿದ್ರ ವರ್ಷಗಟ್ಟಲೆ ಬರತೈತಿ. ದಿನಾ ಆ ತುದಿಯಿಂದ ಈ ತುದಿಗೆ ಜೀಕಿದ್ರ ಕೊಂಡಿ ಸವೀತೈತಿ. ಈ ಬ್ಯಾಟರಿಗೆ ಆ ಹಳೇ "ಮೆಮೊರಿ" ರೋಗಾನೂ ಇಲ್ಲ. ಅರ್ಧಕ್ಕ ಹಾಕಿದ್ರ ಅದಕ್ಕ ಸಂತೋಷನ.

ಹಂಗಾದ್ರ ಕೆಡೂದು ಯಾಕ?

ನಮ್ಮ ಬೋರ್ ನೀರು ಕಾಯಿಸೂ ಹಂಡೆ ನೋಡ್ರಿ. ದಿನಾ ಒಳಗ ತೆಳ್ಳಗ ಸುಣ್ಣ ಕಟ್ಟತೈತಿ. ಥೇಟ್ ಹಂಗ, ಬ್ಯಾಟರಿಯೊಳಗ ಇದ್ದಿಲಿನ ಮನಿ ಬಾಗಲಕ್ಕ ಒಂದು ಪೊರೆ ಕಟ್ಟತೈತಿ. ಪೊರೆ ದಪ್ಪ ಆದಂಗ ಲಿಥಿಯಂ ಅದರಾಗ ಸಿಕ್ಕು ಕಡಿಮಿ ಆಗತೈತಿ, ಉಳದದ್ದಕ್ಕೂ ಹೋಗಿ ಬರಾಕ ತ್ರಾಸ ಆಗತೈತಿ. ಸುಣ್ಣ ಕಟ್ಟಿದ ಪೈಪಿನಾಗ ನೀರು ಸಣ್ಣಗ ಬಂದಂಗ. ಹಳೇ ಫೋನ್ 20 ಪರ್ಸೆಂಟ್ ತೋರಿಸಿ ಒಮ್ಮಿಗೆ ಬಂದ್ ಆಗತೈತಲ್ಲ, ಕಾರಣ ಇದು. ಫೋನು ಒಮ್ಮಿಗೆ ಜೋರು ಕರೆಂಟ್ ಕೇಳತೈತಿ, ಬ್ಯಾಟರಿಗೆ ಕೊಡಾಕ ಆಗಂಗಿಲ್ಲ. ಹಿಂಗ ಬಂದ್ ಆಗೂದನ್ನ ತಪ್ಪಿಸಾಕ ಆ್ಯಪಲ್ ಕಂಪನಿ ಹಳೇ ಫೋನುಗಳ ವೇಗ ಕಡಿಮಿ ಮಾಡಿತ್ತು. ಅದನ್ನ 2017ರ ಡಿಸೆಂಬರಿನಾಗ ಒಪ್ಪಿಕೊಂಡು, ಬ್ಯಾಟರಿ ಬದಲಿಸೂ ದರ 79 ಡಾಲರಿನಿಂದ 29ಕ್ಕ ಇಳಿಸಬೇಕಾತು.

ಪೊರೆ ಕಟ್ಟೂದನ್ನ ಜೋರು ಮಾಡೂ ದೊಡ್ಡ ವೈರಿ ಬಿಸಿ. ಎರಡನೇದ್ದು, ಹೊಟ್ಟಿ ಬಿರಿಯೂ ಹಂಗ ತುಂಬಿಕೊಂಡು ಕುಂದರೂದು. ಒಂದು ಲೆಕ್ಕ ಹೇಳ್ತೇನಿ. ಬ್ಯಾಟರಿನ 40 ಪರ್ಸೆಂಟ್ ತುಂಬಿ 25 ಡಿಗ್ರಿಯೊಳಗ ಒಂದು ವರ್ಷ ಸುಮ್ಮನ ಇಟ್ರ ಅದರ ತಾಕತ್ತು ಸುಮಾರು 96 ಉಳಿಯತೈತಿ. ಪೂರಾ 100 ತುಂಬಿ ಇಟ್ರ 80. 40 ಡಿಗ್ರಿ ಬಿಸಲಾಗಾದ್ರ ಅವು 85 ಮತ್ತ 65. ನಮ್ಮ ಬಿಜಾಪುರ, ಕಲಬುರ್ಗಿ ಕಡೆ ಬ್ಯಾಸಗ್ಯಾಗ 40 ಅನ್ನೂದು ನೆರಳಿನ ಲೆಕ್ಕ. ಕಿಡಕಿ ಕಟ್ಟಿ ಮ್ಯಾಲ, ನಿಂತ ಕಾರಿನೊಳಗ ಇನ್ನೂ ಹೆಚ್ಚು. ಅವ್ವನ ಬ್ಯಾಟರಿ ಎರಡು ವರ್ಷದಾಗ ಯಾಕ ಮುದುಕಿ ಆಗಿತ್ತು ಅನ್ನೂದು ನನಗ ಆವಾಗ ತಿಳೀತು. ದಿನಾ ಸೊನ್ನಿಗೆ ಇಳಿಸಿ, ಬಿಸಲಿಗೆ ಇಟ್ಟು, ಪಾಪ, ಭಕ್ತೀಲೆ ಕೆಡಿಸಿದ್ಲು.

ಮನ್ಯಾಗ ಏನ ಮಾಡಬೇಕು

ಎರಡು ಆಯುಷ್ಯ ಬ್ಯಾರೆ ಮಾಡಿ ತಿಳಕೋರಿ. ಒಂದು ವರ್ಷಗಳ ಆಯುಷ್ಯ, ಇನ್ನೊಂದು ಇವತ್ತಿನ ದಿನದ ಆಯುಷ್ಯ.

ವರ್ಷಗಳ ಆಯುಷ್ಯಕ್ಕ:

ಸೊನ್ನಿ ಆಗೂ ಮಟಾ ಕಾಯಬ್ಯಾಡ್ರಿ. 20, 30ಕ್ಕ ಬಂದಾಗ ಹಾಕ್ರಿ, 80, 85ಕ್ಕ ತಗೀರಿ. ದಿನಕ್ಕ ಎರಡು ಸಲ ಸಣ್ಣ ಸಣ್ಣ ಹಾಕಿದ್ರೂ ನಡೀತೈತಿ. ಊರಿಗೆ ಹೋಗೂ ಮುಂದ 100 ಮಾಡಿಕೊಂಡ್ರ ಪಾಪ ಏನಿಲ್ಲ, ದಿನಾ ಬ್ಯಾಡ. ಈಗಿನ ಭಾಳ ಫೋನಿನ ಸೆಟ್ಟಿಂಗ್‌ದಾಗ, ಬ್ಯಾಟರಿ ಅನ್ನೂ ಕಡೆ, 80ಕ್ಕ ನಿಲ್ಲೂ ಹಂಗ ಮಾಡೂ ಗುಂಡಿ ಇರತೈತಿ. ಮಕ್ಕಳಿಗೆ ಹೇಳಿ ಹಾಕಿಸಿಕೋರಿ.

ಚಾರ್ಜಿಗೆ ಹಾಕಿದ ಫೋನನ್ನ ದಿಂಬಿನ ಕೆಳಗ, ಹಾಸಿಗ್ಯಾಗ, ಒಲಿ ಕಟ್ಟಿ ಮ್ಯಾಲ, ದೇವರ ಮನ್ಯಾಗ ದೀಪದ ಮಗ್ಗಲ ಇಡಬ್ಯಾಡ್ರಿ. ಚಾರ್ಜ್ ಆಗೂ ಮುಂದ ಅದರಾಗ ಧಾರಾವಾಹಿ ನೋಡಬ್ಯಾಡ್ರಿ. ಕೈಗೆ ಬಿಸಿ ಹತ್ತಿದ್ರ ಹಿಂದಿನ ಕವರ್ ತಗದು ನೆರಳಿಗೆ ಇಡ್ರಿ. ಫ್ರಿಜ್ಜಿನೊಳಗ ಮಾತ್ರ ಇಡಬ್ಯಾಡ್ರಿ, ಒಳಗ ಪಸಿ ಕೂಡತೈತಿ.

ಹಳೇ ಫೋನ್ ಎತ್ತಿಡೂದಿದ್ರ ಅರ್ಧ ತುಂಬಿ, ಬಂದ್ ಮಾಡಿ, ತಂಪಿನ ಕಪಾಟಿನಾಗ ಇಡ್ರಿ. ಖಾಲಿ ಮಾಡಿ ವರ್ಷಗಟ್ಟಲೆ ಇಟ್ರ ಮತ್ತ ಏಳಂಗಿಲ್ಲ.

ಬ್ಯಾಟರಿ ಪೂರಿಯಂಗ ಉಬ್ಬಿ ಹಿಂದಿನ ಮುಚ್ಚಳ ಎತ್ತಿತಂದ್ರ, ಅವತ್ತಿಗೆ ಅದು ಸಾಕು. ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಕಸದ ಗಾಡಿಗೆ ಹಾಕಬ್ಯಾಡ್ರಿ. ರಿಪೇರಿ ಅಂಗಡಿಗೆ ಇಲ್ಲಾ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡ್ರಿ. 2022ರಿಂದ ಬ್ಯಾಟರಿ ಮಾಡೋರ ಅವನ್ನ ವಾಪಸ್ ಕೂಡಿಸಬೇಕು ಅಂತ ನಮ್ಮ ದೇಶದಾಗ ಕಾಯ್ದೆ ಬಂದೈತಿ. ಆ ಕೋಬಾಲ್ಟಿನ ದೊಡ್ಡ ಪಾಲು ಆಫ್ರಿಕಾದ ಕಾಂಗೋ ದೇಶದ್ದು. ಅಲ್ಲಿ ಬಡವರು, ಸಣ್ಣ ಹುಡುಗರೂ ಕೈಲೆ ಅಗದು ತಗೀತಾರ. ಲಿಥಿಯಂ ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ ಸುತ್ತಲೂ ಐತಿ ಅಂತ ಸರಕಾರದವರು ಹೇಳ್ಯಾರ, ಆದ್ರ 1,600 ಟನ್ನಿನ ಅಂದಾಜು ದೊಡ್ಡ ಲೆಕ್ಕ ಏನಲ್ಲ. ಹಂಗಾಗಿ ಒಂದು ಬ್ಯಾಟರಿ ಒಂದು ವರ್ಷ ಹೆಚ್ಚು ಬಂದ್ರೂ ಪುಣ್ಯದ ಕೆಲಸ.

ಇನ್ನ ದಿನದ ಆಯುಷ್ಯಕ್ಕ: ಎಲ್ಲಾಕ್ಕಿಂತ ಹೆಚ್ಚು ತಿನ್ನೂದು ಸ್ಕ್ರೀನಿನ ಬೆಳಕು. ಮನಿಯೊಳಗ ಅರ್ಧಕ್ಕ ಇಳಸ್ರಿ. ಎರಡನೇದ್ದು ಸಿಗ್ನಲ್ಲು. ಒಂದ ಕಡ್ಡಿ ಸಿಗ್ನಲ್ ಇರೂ ಊರಾಗ ಫೋನು ದೂರದ ಟವರಿಗೆ ಮುಟ್ಟಾಕ ಜೋರು ಕೂಗಬೇಕಾಗತೈತಿ, ಚಾರ್ಜ್ ಬ್ಯಾಗ ಇಳೀತೈತಿ. ಅವ್ವನ ಫೋನ್ ಪಡಸಾಲಿಯಿಂದ ಮುಂಬಾಗಲ ಕಡೆ ತಂದ್ರ ಮೂರು ಕಡ್ಡಿ ಬಂತು. ಮೂರನೇದ್ದು, ವಾಟ್ಸಾಪಿನಾಗ ಗುಡ್ ಮಾರ್ನಿಂಗ್ ವಿಡಿಯೋ ತಾನಾಗೇ ಇಳಿಯೂದನ್ನ ಬಂದ್ ಮಾಡ್ರಿ. ದಾರಿ ತೋರಿಸೂ ಲೊಕೇಶನ್ ಬೇಕಾದಾಗ ಅಷ್ಟ ಹಚ್ಚರಿ. ಎಲ್ಲಾ ಆ್ಯಪ್ ಪದೇ ಪದೇ ಸರಿಸಿ ತಗಿಯೂದರಿಂದ ಉಪಯೋಗ ಇಲ್ಲ, ಮತ್ತ ತೆರಿಯಾಕ ಅದಕ್ಕ ಇನ್ನೂ ಹೆಚ್ಚು ಬೇಕಾಗತೈತಿ. ಎರಡು ಮೂರು ವರ್ಷದ ಫೋನ್ ಏನ ಮಾಡಿದ್ರೂ ನಿಲ್ಲವಲ್ದು ಅಂದ್ರ ಫೋನ್ ಬದಲಿಸಬ್ಯಾಡ್ರಿ, ಬ್ಯಾಟರಿ ಅಷ್ಟ ಬದಲಿಸ್ರಿ.

ಅವ್ವನ ಫೋನಿಗೂ ಹೊಸಾ ಬ್ಯಾಟರಿ ಹಾಕಿಸಿದೆ. ಹೊಸಾ ಪದ್ಧತಿನೂ ಹೇಳಿದೆ: ಮುಂಜಾನೆ ಚಹಾ ಇಟ್ಟಾಗ ಚಾರ್ಜಿಗೆ ಹಾಕು, ಪೂಜಿ ಮುಗದ ಮ್ಯಾಲ ತಗಿ. ಹಿತ್ತಲಕ್ಕ ಹೋಗೂ ಮುಂದ ಫೋನ್ ಸೆರಗಿನಾಗ ಇರಬೇಕು. ಕಿಡಕಿ ಕಟ್ಟಿ ಮ್ಯಾಲ ಈಗ ಸಂಡಗಿ ತಾಟು ಅಷ್ಟ ಇರತೈತಿ. ಅವ್ವ ಎಲ್ಲಾ ಕೇಳಿ ಒಂದ ಮಾತು ಕೇಳಿದ್ಲು: "ಇದೂ ನಾಳೆ ಬದಲಿ ಆಗತೈತೇನವ್ವಾ?"

ಆಗಬಹುದು ಅಂದೆ. ಈಗ ಸೋಡಿಯಂ ಬ್ಯಾಟರಿ ಅಂತ ಬರಾಕತ್ತಾವ, ಅವುಗಳ ಗುಣ ಬ್ಯಾರೆ ಇರತೈತಿ. ಆವಾಗ ಬಂದು ಹೇಳ್ತೇನಿ, ಈ ಸಲ ಇಪ್ಪತ್ತು ವರ್ಷ ಮರೆಯಂಗಿಲ್ಲ ಅಂದೆ.

ಮಣಿಕಟ್ಟು ಕೂಡೈತಿ. ಚಪಾತಿ ಹಿಟ್ಟು ನಾದಾಕ ಇನ್ನೂ ನೋವ ಐತಂತ. ದಿನಾ ಸಂಜೀಗೆ ಫೋನ್ ಹಚ್ಚಿದ್ರ "ಉಂಡ್ಯಾ" ಅಂತ ನಾನು ಕೇಳೂ ಮೊದಲ ಆಕಿನ ಅಂತಾಳ: "ಅರವತ್ತೆರಡು ಐತಿ ನೋಡವಾ." ಇದನ್ನ ಓದಿದ ಮ್ಯಾಲ ನೀವೂ ನಿಮ್ಮ ನಿಮ್ಮ ಅವ್ವಗ, ಅತ್ತಿಗೆ ಒಂದು ಫೋನ್ ಹಚ್ಚರಿ. ಎಷ್ಟ ಐತಿ ಅಂತ ಕೇಳ್ರಿ. ಖಾಲಿ ಆಗ್ಲಿ ಅಂತ ಕಾಯಾಕತ್ತೇನಿ ಅಂದ್ರ, ಮಾತು ನಿಲ್ಲಿಸಿ ಮೊದಲ ಚಾರ್ಜಿಗೆ ಹಾಕಸ್ರಿ.